ಸ್ಟೇಷನ್ ಸರಣಿಯ ಏಳನೇ ಡಿಸ್ಕು

ಗಡಿಯಾರ ರಿಪೇರಿ ಮಾಡುವವರಿಗೆ ಒಂದು ರೋಗ ಇರುತ್ತದೆ. ಬಿಚ್ಚಿದ್ದನ್ನು ಮತ್ತೆ ಜೋಡಿಸಿದ ಮೇಲೆ ಮೇಜಿನ ಮೇಲೆ ಒಂದೇ ಒಂದು ಸ್ಕ್ರೂ ಉಳಿದರೂ ಅವರಿಗೆ ಅನ್ನ ಸೇರುವುದಿಲ್ಲ. ಗಡಿಯಾರ ಕುದುರೆಯಂತೆ ಓಡುತ್ತಿರಲಿ, ಉಳಿದದ್ದು ಎಲ್ಲಿಯದು ಎಂದು ಗೊತ್ತಾಗುವ ತನಕ ಜೀವ ತಳಮಳ. ನಮ್ಮ ಗಡಿಯಾರದವನನ್ನು ಈ ರೋಗ ಮೂವತ್ತೈದು ವರ್ಷ ಕಾಡಿತ್ತು. ಕೈ ನಡುಗತೊಡಗಿದ ಮೇಲೆ ಕಸುಬು ಬಿಟ್ಟ. ರೋಗ ಅವನನ್ನು ಬಿಡಲಿಲ್ಲ.

ಆ ರೋಗವನ್ನು ಹೊತ್ತುಕೊಂಡೇ ಹೆಂಡತಿಯ ಜೊತೆ ಅಕ್ಕನ ಮನೆಗೆ ಬಂದು, ಅವಳ ಡಿಸ್ಕಿನ ಅಂಗಡಿಯಲ್ಲಿ ಕೂತ. ಅಕ್ಕ ಸತ್ತು ಎಂಟು ತಿಂಗಳಾಗಿತ್ತು. ಅಂಗಡಿ ಎಂದರೆ ಮನೆಯ ಮುಂದಿನ ಕೋಣೆ ಅಷ್ಟೇ. ಬೀದಿಗೊಂದು ಬಾಗಿಲು, ಒಳಮನೆಗೊಂದು ಬಾಗಿಲು. ಗೋಡೆ ತುಂಬ ಅನಿಮೆ. ಜಪಾನಿನವರು ಬರೆದು ಓಡಾಡಿಸುವ ಚಿತ್ರಗಳು. ಸಿನಿಮಾಗಳು ಒಂದು ಗೋಡೆಗೆ, ಸರಣಿಗಳು ಇನ್ನೊಂದು ಗೋಡೆಗೆ. ಎಲ್ಲರೂ ಫೋನಿನಲ್ಲೇ ನೋಡುವ ಈ ಕಾಲದಲ್ಲಿ ಡಿಸ್ಕು ಕೇಳಿಕೊಂಡು ಯಾರು ಬರುತ್ತಾರೆ ಎಂದರೆ, ಬರುತ್ತಿದ್ದರು. ಡಿಸ್ಕಿಗಲ್ಲ, ಅಕ್ಕನಿಗಾಗಿ. ಅನಿಮೆ ಎಂದರೆ ಏನೆಂದೇ ತಿಳಿಯದ ಹೊಸಬರಿಗೆ ಯಾವುದನ್ನು ಮೊದಲು ಕೊಡಬೇಕು ಎಂಬ ವಿದ್ಯೆ ಅವಳ ಕೈಯಲ್ಲಿತ್ತು. ನಿಮಗೆ ಹೊಡೆದಾಟ ಇಷ್ಟವೋ, ಪ್ರೀತಿ ಇಷ್ಟವೋ ಎಂದು ಅವಳು ಕೇಳುತ್ತಿರಲಿಲ್ಲ. ನಿನ್ನೆ ಊಟ ಯಾರ ಜೊತೆ ಮಾಡಿದಿರಿ ಎಂದು ಕೇಳುತ್ತಿದ್ದಳು. ಒಬ್ಬಳೇ ಎಂದವಳಿಗೆ ಒಂದು ಕೊಡುವಳು, ಹತ್ತು ಜನರ ಜೊತೆ ಎಂದವನಿಗೆ ಮತ್ತೊಂದು. ತೆಗೆದುಕೊಂಡು ಹೋದವರು ಮೂರನೇ ದಿನ ಕಣ್ಣು ಕೆಂಪಗೆ ಮಾಡಿಕೊಂಡು ಬಂದು, ಇನ್ನೊಂದು ಕೊಡಿ ಅನ್ನುತ್ತಿದ್ದರು.

ತಮ್ಮ ಮಾತ್ರ ಒಂದನ್ನೂ ನೋಡಿದವನಲ್ಲ. ಕಣ್ಣು ದೊಡ್ಡದು, ಬುದ್ಧಿ ಚಿಕ್ಕದು ಎಂದು ಆ ಚಿತ್ರಗಳನ್ನೆಲ್ಲ ಒಂದೇ ಏಟಿಗೆ ತಳ್ಳಿಹಾಕಿದ್ದ. ಅಕ್ಕನೂ ಬಿಡುವವಳಲ್ಲ. “ನಿನಗೆ ಗಡಿಯಾರ ತೋರಿಸಿದ್ರೆ ಮುಳ್ಳು ನೋಡ್ತೀಯ ಕಣೋ, ಟೈಮ್ ನೋಡಲ್ಲ,” ಅನ್ನುತ್ತಿದ್ದಳು.

ಈಗ ಅವನಿಗೆ ಅಕ್ಕ ಬಿಟ್ಟುಹೋದ ಚೀಟಿಗಳೇ ಗತಿ. ಪ್ರತಿ ಡಬ್ಬಿಯ ಒಳಗೆ ಒಂದೊಂದು ಚೀಟಿ, ನೀಲಿ ಶಾಯಿ, ಇರುವೆ ಸಾಲಿನಂಥ ಅಕ್ಷರ. ‘ಹೊಸಬರಿಗೆ ಇದು ಬೇಡ, ಹೆದರುತ್ತಾರೆ.’ ‘ಈಚೆಗೆ ಅಪ್ಪನನ್ನು ಕಳೆದುಕೊಂಡವರಿಗೆ ಆರು ತಿಂಗಳು ತಡೆದು ಕೊಡು.’ ‘ಮೊದಲ ಕಂತು ನೀರಸ, ಎರಡರಿಂದ ಶುರುಮಾಡಲು ಹೇಳು.’ ಗಿರಾಕಿಗಳ ಎದುರಿಗೆ ಡಬ್ಬಿ ತೆರೆದು ಚೀಟಿ ಓದುವಾಗಲೆಲ್ಲ ಬೆನ್ನ ಹಿಂದೆ ಅವಳೇ ನಿಂತು ಪಿಸುಗುಟ್ಟಿದಂತೆ ಆಗುತ್ತಿತ್ತು. ಒಂದೆರಡು ಸಲ ತಿರುಗಿ ನೋಡಿದ್ದೂ ಉಂಟು. ಗೋಡೆ ಇತ್ತು.

ಸ್ಟೇಷನ್ ಸರಣಿಯ ಡಬ್ಬಿಯಲ್ಲಿ ಏಳು ಡಿಸ್ಕಿಗೆ ಜಾಗ, ಇದ್ದದ್ದು ಆರು. ಚೀಟಿಯಲ್ಲಿ ‘ಆರಕ್ಕೇ ಕತೆ ಮುಗಿಯಿತು, ಏಳು ಕೇಳಿದರೆ ಇಲ್ಲ ಅನ್ನು’ ಎಂದಿತ್ತು. ಸರಿ, ರೋಗ ಕೆರಳಿತು. ನಾಲ್ಕು ದಿನ ಅಂಗಡಿಯನ್ನು ತಲೆಕೆಳಗು ಮಾಡಿ ಹುಡುಕಿದ. ಕೊನೆಗೆ ಸಿಕ್ಕಿದ್ದು ಹೊಲಿಗೆ ಮಿಷನ್ ರಿಪೇರಿ ಕಲಿಸುವ ಡಿಸ್ಕಿನ ಡಬ್ಬಿಯೊಳಗೆ. ಹಿಂದಿನ ಹತ್ತು ವರ್ಷದಲ್ಲಿ ಅದನ್ನು ಮುಟ್ಟಿದ ನರಪಿಳ್ಳೆ ಇರಲಿಲ್ಲ. ಅಕ್ಕನಿಗೆ ವಯಸ್ಸಾಗಿ ತಲೆ ಕೈಕೊಟ್ಟಿರಬೇಕು ಅಂದುಕೊಂಡ. ಏಳನೆಯದನ್ನು ಅದರ ಜಾಗದಲ್ಲಿ ಕೂರಿಸಿ, ಚೀಟಿಯನ್ನು ಹರಿದು ಹಾಕಿದ. ಆ ರಾತ್ರಿ ಸೊಂಪಾಗಿ ನಿದ್ದೆ ಬಂತು.

ಒಂದು ವಾರಕ್ಕೆ, ಬೀದಿಯ ತುದಿಯ ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವ ಹೆಂಗಸು ಬಂದಳು. ಮೂವತ್ತೈದರ ಆಸುಪಾಸು, ಅನಿಮೆ ಗಂಧಗಾಳಿ ಇಲ್ಲ. ಊಟದ ಪ್ರಶ್ನೆ ಕೇಳಿದ. ಟಿವಿ ಜೊತೆ ಅಂದಳು. ಅಂಥವರಿಗೆ ಸ್ಟೇಷನ್ ಸರಣಿ ಎಂದು ಅಕ್ಕ ಬರೆದಿಟ್ಟ ಪಟ್ಟಿಯಲ್ಲಿತ್ತು. ಏಳೂ ಡಿಸ್ಕು ಕೊಟ್ಟು ಕಳಿಸಿದ.

ಹತ್ತು ದಿನ ಬಿಟ್ಟು ವಾಪಸು ತಂದಳು. ಡಬ್ಬಿಯನ್ನು ಮೇಜಿನ ಮೇಲಿಟ್ಟು ಹೋಗದೆ ನಿಂತೇ ಇದ್ದಳು. ಒಂದು ಪುಟ್ಟ ರೈಲು ನಿಲ್ದಾಣ, ಜನ ಕಳೆದುಕೊಂಡ ವಸ್ತುಗಳೆಲ್ಲ ಬಂದು ಸೇರುವ ಜಾಗ, ಕೇಳಿಕೊಂಡು ಬಂದವರಿಗೆ ಹುಡುಕಿ ಕೊಡುವ ಮುದಿ ಸ್ಟೇಷನ್ ಮಾಸ್ಟರು. ಆರನೇ ಡಿಸ್ಕಿಗೆ ಮಾಸ್ಟರು ಕೆಲಸ ಬಿಟ್ಟು ಮನೆ ಸೇರುತ್ತಾನೆ, ಅಲ್ಲಿಗೇ ಮುಗಿಯಿತು ಅಂದುಕೊಂಡಿದ್ದಳಂತೆ. ಏಳರಲ್ಲಿ ವಸ್ತುಗಳ ನಡುವೆ ಒಂದು ಮಗು ಕೂತಿರುತ್ತದಂತೆ, ಯಾರೂ ಕೇಳಿಕೊಂಡು ಬಾರದ ಮಗು. ಉಳಿದವರೆಲ್ಲ ಪುಸ್ತಕ ಓದಿದ ಹಾಗೆ ಮಾತಾಡುತ್ತಾರೆ, ಆ ಮಗು ಒಂದೇ ನಿಜವಾಗಿ ಮಾತಾಡುತ್ತದೆ ಅಂದಳು. ಆಮೇಲೆ ದನಿ ತಗ್ಗಿಸಿದಳು.

“ಕೊನೇಲಿ ದನಿ ಕೊಟ್ಟವರ ಹೆಸರು ಬರ್ತವಲ್ಲ ಸಾರ್, ಆ ಮಗುವಿಗೆ ದನಿ ಕೊಟ್ಟವಳ ಹೆಸರೂ ನಿಮ್ಮ ಬೋರ್ಡಿನ ಹೆಸರೂ ಒಂದೇ. ಪೂರ್ತಿ ಹೆಸರು, ಅಪ್ಪನ ಹೆಸರಿನ ಸಮೇತ. ನೀವು ಇದನ್ನ ನೋಡಿಲ್ವಾ?”

ಬೋರ್ಡಿನ ಮೇಲಿದ್ದದ್ದು ಗಡಿಯಾರದವನ ಮಗಳ ಹೆಸರು.

ಮಗಳು ಹೋಗಿ ಇಪ್ಪತ್ತೆರಡು ವರ್ಷ. ಒಂಬತ್ತು ತುಂಬಿತ್ತು, ಒಂದು ವಾರದ ಜ್ವರಕ್ಕೆ ಹೋದಳು. ಅಂಗಡಿ ತೆರೆದಾಗ ಸೋದರಸೊಸೆಯ ಹೆಸರನ್ನೇ ಇಡುತ್ತೇನೆ ಎಂದು ಅಕ್ಕ ಹಟ ಹಿಡಿದಿದ್ದಳು. ಅದಕ್ಕೂ ಮುಂಚೆ ಅವಳು ಡಬ್ಬಿಂಗ್ ಸ್ಟುಡಿಯೋದಲ್ಲಿ ಮಾತು ಬರೆಯುತ್ತಿದ್ದಳು. ಜಪಾನಿನ ಬೊಂಬೆಗಳ ಬಾಯಿಗೆ ನಮ್ಮ ಮಾತು ಕೂರಿಸುವ ಕೆಲಸ. ಒಂದು ಸಲ ಮಗಳನ್ನು ಕಳಿಸು, ದನಿ ಚೆನ್ನಾಗಿದೆ ಎಂದು ಕೇಳಿದ್ದಳು. ನನ್ನ ಮಗಳು ಕತ್ತಲೆ ಕೋಣೆಯಲ್ಲಿ ನಿಂತು ಬೊಂಬೆಗೆ ಬಾಯಿ ಕೊಡುವುದು ಬೇಡ, ಮತ್ತೆ ಈ ಮಾತೆತ್ತಿದರೆ ಈ ಮನೆ ಹೊಸ್ತಿಲು ತುಳಿಯಬೇಡ ಎಂದು ಇವನು ಗದರಿದ್ದ. ಕೋಪ ಮೂಗಿನ ತುದಿಯಲ್ಲಿದ್ದ ಕಾಲ ಅದು. ಮಾತು ಅಲ್ಲಿಗೇ ನಿಂತಿತು ಎಂದೇ ಅವನು ನಂಬಿದ್ದ.

ಇನ್ನು ಅವನ ಗುಟ್ಟೊಂದಿದೆ. ಮಗಳ ಮುಖ ಅವನಿಗೆ ನೆನಪಿತ್ತು. ಫೋಟೋ ಹದಿನಾಲ್ಕು ಇದ್ದವು. ದನಿ ಮಾತ್ರ ಮರೆತುಹೋಗಿತ್ತು. ಯಾವ ವರ್ಷ ಮರೆತ ಎಂಬುದೂ ಗೊತ್ತಿಲ್ಲ. ಒಂದು ಬೆಳಿಗ್ಗೆ ಗಡ್ಡ ಕೆರೆಯುತ್ತ, ಅವಳು ಅಪ್ಪಾ ಎಂದು ಕರೆಯುತ್ತಿದ್ದದ್ದನ್ನು ನೆನಪಿಸಿಕೊಳ್ಳಲು ಹೋದರೆ, ಅಕ್ಷರ ಬಂದವು, ದನಿ ಬರಲಿಲ್ಲ. ಹೆಂಡತಿಗೆ ಹೇಗೆ ಹೇಳುವುದು? ಮಗಳ ದನಿ ಮರೆತ ಅಪ್ಪ ಎಂದು ಯಾವ ಬಾಯಲ್ಲಿ ಹೇಳುವುದು? ನುಂಗಿಕೊಂಡ.

ಕನ್ನಡಕದವಳು ಹೋದ ಮೇಲೆ ಬೀದಿ ಬಾಗಿಲು ಎಳೆದುಕೊಂಡು, ಗಿರಾಕಿಗಳಿಗೆ ತೋರಿಸಲು ಇಟ್ಟಿದ್ದ ಚಿಕ್ಕ ಟಿವಿಗೆ ಏಳನೆಯದನ್ನು ಹಾಕಿದ. ನಡುಮಧ್ಯಾಹ್ನ. ಸಾಲು ಸಾಲು ಛತ್ರಿ, ಪೆಟ್ಟಿಗೆ, ಚಪ್ಪಲಿ, ಅವುಗಳ ಮಧ್ಯೆ ಮೊಣಕಾಲು ತಬ್ಬಿ ಕೂತ ದೊಡ್ಡ ಕಣ್ಣಿನ ಮಗು. ಅದು ತಲೆ ಎತ್ತಿ ಕೇಳಿತು:

“ನನ್ನ ಕೇಳ್ಕೊಂಡು ಯಾರಾದ್ರೂ ಬಂದಿದ್ರಾ?”

ಗಡಿಯಾರದವನು ಟಿವಿ ಆರಿಸಿಬಿಟ್ಟ.

ಎದೆ ಒಡೆಯುತ್ತದೆ, ನೆಲಕ್ಕೆ ಬೀಳುತ್ತೇನೆ ಎಂದೆಲ್ಲ ಅಂದುಕೊಂಡೇ ಕೂತಿದ್ದ. ಏನೂ ಆಗಲಿಲ್ಲ. ಅದೇ ಭಯಂಕರ. ಯಾರದೋ ಮಗುವಿನ ದನಿ ಕೇಳಿದಂತೆ ಕೇಳಿದ. ಸ್ವಲ್ಪ ಒಡಕು, ಸ್ವಲ್ಪ ಕಟ್ಟಿದ ದನಿ. ಇವಳೇನಾ? ಮೂರು ಸಲ ಅಷ್ಟನ್ನೇ ಹಾಕಿ ಕೇಳಿದ. ಹೌದು ಅನ್ನಲು ಒಳಗೆ ಸಾಕ್ಷಿ ಇರಲಿಲ್ಲ, ಅಲ್ಲ ಅನ್ನಲೂ ಇರಲಿಲ್ಲ. ಹೆಸರನ್ನು ನಂಬೋಣವೆಂದರೆ, ಮಗು ಹೋದ ಮೇಲೆ ಅಕ್ಕ ನೆನಪಿಗೆಂದು ಬರೀ ಹೆಸರು ಸೇರಿಸಿ, ದನಿ ಬೇರೆಯವರ ಮಗುವಿಂದ ಕೊಡಿಸಿರಬಹುದು. ಅವಳು ಅಂಥವಳೇ. ಕೇಳೋಣವೆಂದರೆ ಅವಳಿಲ್ಲ, ಅವಳ ಚೀಟಿಯನ್ನು ಇವನೇ ಹರಿದು ಹಾಕಿದ್ದಾನೆ.

ಅಂದಿನಿಂದ ಆ ಪ್ರಶ್ನೆ ಮನೆ ಸೇರಿಕೊಂಡಿತು. ಶಟರ್ ಎತ್ತಿದರೆ ಅದೇ, ನಲ್ಲಿ ತಿರುಗಿಸಿದರೆ ಅದೇ. ನನ್ನ ಕೇಳ್ಕೊಂಡು ಯಾರಾದ್ರೂ ಬಂದಿದ್ರಾ? ಒಬ್ಬ ಗಿರಾಕಿ ಬಂದು, ಕಾದಿರಿಸಲು ಹೇಳಿದ್ದ ಡಿಸ್ಕಿನ ಬಗ್ಗೆ ಕೇಳಿದರೆ, ಗಡಿಯಾರದವನು ಯಾರೂ ಬಂದಿಲ್ಲಮ್ಮ ಅಂದುಬಿಟ್ಟ. ಗಿರಾಕಿ ಮೀಸೆ ಇದ್ದ ಮನುಷ್ಯ. ಹಣೆ ಮುಟ್ಟಿ ನೋಡಿಕೊಳ್ಳಿ ಸಾರ್ ಎಂದು ಹೇಳಿ ಹೋದ.

ಆ ದನಿ ಮಗಳದೇ ಎಂದು ಹೇಳಬಲ್ಲವಳು ಭೂಮಿಯ ಮೇಲೆ ಒಬ್ಬಳೇ, ಒಳಮನೆಯಲ್ಲಿ. ಆದರೆ ಇಪ್ಪತ್ತೆರಡು ವರ್ಷದ ಗಾಯಕ್ಕೆ ಏಕಾಏಕಿ ಕೈ ಹಾಕುವುದು ಹೇಗೆ? ಹೌದಾದರೆ ಅವಳು ತಡೆದುಕೊಂಡಾಳೇ? ಅಲ್ಲವಾದರೆ ಇವನು ತಡೆದುಕೊಂಡಾನೇ? ನಾಲ್ಕು ದಿನ ಒದ್ದಾಡಿದ. ಐದನೇ ದಿನ, ಅಕ್ಕ ಹೊಸಬರನ್ನು ನಡೆಸಿಕೊಂಡು ಹೋಗುತ್ತಿದ್ದ ರೀತಿಯೇ ದಾರಿ ಎಂದು ಹೊಳೆಯಿತು. ಒಂದರಿಂದ ಶುರುಮಾಡುವುದು. ದಿನಕ್ಕೊಂದು ಡಿಸ್ಕು. ಅವಳು ಆ ನಿಲ್ದಾಣಕ್ಕೆ, ಆ ಮುದುಕನಿಗೆ ಒಗ್ಗಿಕೊಳ್ಳಲಿ. ಏಳಕ್ಕೆ ಬರುವ ಹೊತ್ತಿಗೆ ಕಾಲು ಗಟ್ಟಿಯಾಗಿರುತ್ತದೆ.

ಹೆಂಡತಿ ಅಕ್ಕನ ಅಂಗಡಿಯ ಒಂದು ಡಿಸ್ಕನ್ನೂ ಮುಟ್ಟಿದವಳಲ್ಲ. ಒಂದು ಸರಣಿ ಇದೆ, ಗಿರಾಕಿಗಳು ಹೊಗಳುತ್ತಾರೆ, ಮಧ್ಯಾಹ್ನ ಅಂಗಡಿ ಮುಚ್ಚಿ ನೋಡೋಣವಾ ಎಂದು ಕೇಳಿದ. ಹೊಲಿಯುತ್ತಿದ್ದ ದಿಂಬಿನ ಕವರು ಪಕ್ಕಕ್ಕಿಟ್ಟು ಯಾವುದು ಎಂದಳು. ಸ್ಟೇಷನ್ನಿನದು ಎಂದ. ಅವನ ಮುಖವನ್ನೇ ನೋಡಿ, ಸರಿ, ಹಾಕಿ ಅಂದಳು. ಅಷ್ಟು ಬೇಗ ಒಪ್ಪಿದ್ದು ಯಾಕೆಂದು ಅವನಿಗೆ ಹೊಳೆಯಲೇ ಇಲ್ಲ. ಮುಳ್ಳು ನೋಡುವವನಲ್ಲವೇ.

ಆರು ಮಧ್ಯಾಹ್ನ ಕೂತರು. ಅವಳು ಸ್ಟೇಷನ್ ಮಾಸ್ಟರನ್ನು ಬೈದಳು. ಆ ಟೋಪಿಯನ್ನು ಒಗೆದು ಯಾವ ಕಾಲ ಆಯಿತೋ, ಹೆಂಡತಿ ಇಲ್ಲದ ಮನೆಯ ಲಕ್ಷಣ ನೋಡಿ ಎಂದಳು. ಮೂರನೇ ದಿನ ಒಬ್ಬ ಮುದುಕಿ ತನ್ನ ಕಿವುಡು ಯಂತ್ರ ಕೇಳಿಕೊಂಡು ಬಂದಾಗ ನಕ್ಕಳು. ಗಡಿಯಾರದವನು ಟಿವಿಗಿಂತ ಅವಳನ್ನೇ ಹೆಚ್ಚು ನೋಡಿದ. ಆರನೇ ದಿನ ಮಾಸ್ಟರು ದೀಪ ಆರಿಸಿ ಮನೆಗೆ ಹೊರಟ. ಇವನು ಎದ್ದು, ಏಳನೆಯದನ್ನು ಡಬ್ಬಿಯಿಂದ ಬಿಡಿಸುತ್ತಿದ್ದ. ನಾಳೆವರೆಗೂ ಕಾಯುವ ಶಕ್ತಿ ಉಳಿದಿರಲಿಲ್ಲ.

ಬೆನ್ನ ಹಿಂದಿನಿಂದ ಅವಳು ಕೇಳಿದಳು, “ಆವತ್ತು ಅವಳಿಗೆ ನೆಗಡಿ ಇತ್ತು. ಅದರಲ್ಲಿ ಕೇಳಿಸ್ತದಾ?”

ಡಿಸ್ಕು ಹಿಡಿದೇ ಅವನು ತಿರುಗಿದ.

ಮಗಳನ್ನು ಕಳಿಸಿದ್ದೇ ಅವಳಂತೆ. ಗಂಡ ಕೆಲಸಕ್ಕೆ ಹೋದ ಮೇಲೆ ಅಕ್ಕ, ಮಗು ಇಬ್ಬರೂ ಮೂರು ದಿನ ಸ್ಟುಡಿಯೋಗೆ ಹೋಗಿಬಂದರಂತೆ. ಮೂರನೇ ದಿನ ನೆಗಡಿ, ಬೇಡ ಅಂದರೂ ಮಗು ಕೇಳಲಿಲ್ಲವಂತೆ. ತಿಂಗಳೊಳಗೆ ಜ್ವರ ಬಂತು. ಅದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ಡಾಕ್ಟರು ಹೇಳಿದ್ದನ್ನು ಅಕ್ಕ ಸಾಯುವ ತನಕ ನಂಬಲಿಲ್ಲವಂತೆ.

“ಹೇಳಿದ್ರೆ ಅಕ್ಕನ ಜೊತೆ ಮಾತೇ ಬಿಡ್ತಿದ್ರಿ. ಅವರು ಅದನ್ನ ಬಚ್ಚಿಟ್ಟಿದ್ದೂ ನೀವು ಅಂಗಡಿಗೆ ಬಂದಾಗ ಅಕಸ್ಮಾತ್ ಕೇಳಬಾರದು ಅಂತ. ನಿಮ್ಮ ಕೈಲಿ ತಡ್ಕೊಳೋಕೆ ಆಗಲ್ಲ ಅಂದ್ಕೊಂಡಿದ್ವಿ ಕಣ್ರೀ, ಇಬ್ಬರೂ.”

ಬೈಯಲು ಬಾಯಿ ತೆರೆದ. ಯಾರನ್ನು ಬೈಯುವುದು? ಒಬ್ಬಳು ಸತ್ತಿದ್ದಳು, ಇನ್ನೊಬ್ಬಳು ಎದುರಿಗಿದ್ದಳು, ಮೂರನೆಯವನು ತಾನೇ. ಬಾಯಿಂದ ಬಂದದ್ದು ಬೇರೆ ಮಾತು.

“ನನಗೆ ಗುರುತು ಸಿಗಲಿಲ್ಲ. ಕೇಳಿದೆ, ಅವಳದೋ ಅಲ್ವೋ ಗೊತ್ತಾಗಲಿಲ್ಲ. ಅವಳ ದನಿ ಮರೆತುಹೋಗಿದೆ ನನಗೆ.”

ಅವಳು ಪಕ್ಕದ ಕುರ್ಚಿಯ ಮೇಲಿದ್ದ ಬಟ್ಟೆ ಎತ್ತಿ ಜಾಗ ಮಾಡಿ, ಹಾಕಿ ಬನ್ನಿ, ಕೂತ್ಕೊಳ್ಳಿ ಅಂದಳು.

ಹಾಕಿದ. ಛತ್ರಿಗಳು ಬಂದವು, ಪೆಟ್ಟಿಗೆಗಳು ಬಂದವು. ಮಗು ತಲೆ ಎತ್ತಿ ತನ್ನನ್ನು ಕೇಳಿಕೊಂಡು ಯಾರಾದರೂ ಬಂದಿದ್ದರಾ ಎಂದು ಕೇಳಿತು. ಅವನ ಕೈ ತಾನಾಗಿ ರಿಮೋಟಿನ ಕಡೆ ಹೋಯಿತು. ಇಷ್ಟು ದಿನವೂ ಅಲ್ಲಿಂದ ಮುಂದೆ ಹೋದವನಲ್ಲ. ಅವಳು ಆ ಕೈಯನ್ನು ಹಿಡಿದು ತನ್ನ ಮಡಿಲಿಗೆ ಎಳೆದುಕೊಂಡಳು. ಕಣ್ಣು ಮುಚ್ಚಿ ಕೇಳುತ್ತಿದ್ದಳು.

“ಇದೇ,” ಅಂದಳು. “ನೆಗಡಿ ತೆಗೆದ್ರೆ, ಇದೇ.”

ಮಗು ಮಾತು ನಿಲ್ಲಿಸಲಿಲ್ಲ. ತನ್ನ ಚಪ್ಪಲಿ ಯಾವುದು ಎಂದು ತೋರಿಸಿತು, ಹಸಿವಾಗುತ್ತಿದೆ ಅಂದಿತು, ಕಾಯುವಾಗ ಸಮಯ ಕಳೆಯಲು ಮಾಸ್ಟರಿಗೆ ಒಂದು ಆಟ ಹೇಳಿಕೊಡತೊಡಗಿತು. ನಡುವೆ ಮೂಗು ಎಳೆದುಕೊಂಡಿತು. ಗಡಿಯಾರದವನು ಮುಂದಕ್ಕೆ ಬಾಗಿ, ಬಾಯಿ ಅರ್ಧ ತೆರೆದು, ಹೊಸ ಪಾಠ ಕಲಿಯುವವನ ಹಾಗೆ ಒಂದೊಂದೇ ಮಾತು ಕೇಳುತ್ತಿದ್ದ. ಇನ್ನೂ ಮೂರು ಕಂತು ಇತ್ತು. ಯಾರೋ ಬೀದಿ ಬಾಗಿಲು ತಟ್ಟಿದರು. ಇಬ್ಬರೂ ಏಳಲಿಲ್ಲ.