ಶಿಲುಬೆಯ ಪಕ್ಕದ ಹಲಗೆ

ಸಿರಿಲ್ ಎಲೆಕೋಸಿನ ಕೊನೆಯ ಬುಟ್ಟಿಯನ್ನು ಎದೆಗೊತ್ತಿಕೊಂಡು ಹೋಗಿ ವ್ಯಾನಿನೊಳಕ್ಕೆ ತಳ್ಳಿದ. ಗುರುವಾರದ ಸಂತೆ, ಬೆಳಿಗ್ಗೆ ಹತ್ತೂವರೆ. ಈ ಹೊತ್ತಿನಲ್ಲಿ ಕಲ್ಲಿನ ಶಿಲುಬೆಯ ಪಕ್ಕದ ಜಾಗವನ್ನು, ಅದೂ ನಮ್ಮ ಆಲ್ಡರ್‌ವಿಕ್ ಸಂತೆಯಲ್ಲೇ ಒಳ್ಳೆಯ ಜಾಗವನ್ನು, ಖಾಲಿ ಮಾಡಿದವರನ್ನು ಯಾರೂ ಕಂಡಿರಲಿಲ್ಲ.

"ಏನಯ್ಯಾ, ತಲೆ ಕೆಟ್ಟಿದೆಯಾ?" ಎದುರಿನ ಮೀನಂಗಡಿಯ ಬ್ಯಾರಿ ಕೇಳಿದ. "ಸತ್ತ ಎನಿಡ್ ಎದ್ದು ಬಂದು ನಿನ್ನ ಕೋಸು ತಗೊಳ್ತಾಳಾ?"

"ಹೆಣದ ಗಾಡಿ ಅವಳ ಜಾಗದಲ್ಲಿ ನಿಲ್ಲಬೇಕಲ್ಲ."

"ಅವಳ ಜಾಗ ಕಕ್ಕಸಿನ ಹಿಂದೆ ಕಣೋ. ಹತ್ತೊಂಬತ್ತು ವರ್ಷ ಅಲ್ಲೇ ಮೊಟ್ಟೆ ಮಾರಿದ್ದು."

"ಇದೇ ಅವಳ ಜಾಗ," ಎಂದ ಸಿರಿಲ್, ಬ್ಯಾರಿಯ ಮುಖ ನೋಡದೆ.

ನಮ್ಮಲ್ಲಿ ಅಂಗಡಿಯವರು ಸತ್ತರೆ ಗಾಡಿ ಸಂತೆಯೊಳಗೆ ಬಂದು, ಅವರ ಜಾಗದ ಮುಂದೆ ಒಂದು ನಿಮಿಷ ನಿಂತು, ಆಮೇಲೆ ಚರ್ಚಿಗೆ ಹೋಗುತ್ತದೆ. ಅಷ್ಟು ಹೊತ್ತು ಯಾರೂ ಏನೂ ಮಾರುವುದಿಲ್ಲ. ಸೂಪರ್ ಮಾರ್ಕೆಟ್ ಬಂದ ಮೇಲೆ ಉಳಿದಿರುವುದು ಹನ್ನೊಂದೇ ಅಂಗಡಿ, ಆದರೂ ಇದೊಂದನ್ನು ಬಿಟ್ಟಿಲ್ಲ.

* * *

ಹತ್ತೊಂಬತ್ತು ವರ್ಷದ ಹಿಂದೆ ಶಿಲುಬೆಯ ಪಕ್ಕದ ಜಾಗ ಎನಿಡ್‌ಳದೇ ಆಗಿತ್ತು. ಆ ಚಳಿಗಾಲ ಎನಿಡ್‌ಳ ಗಂಡ ಆಸ್ಪತ್ರೆಯಲ್ಲಿದ್ದ. ಸಂತೆಯ ಕಟ್ಟಳೆ ಯಾವುದೋ ರಾಜನ ಕಾಲದ್ದು: ಒಂಬತ್ತರ ಗಂಟೆ ಹೊಡೆದಾಗ ಯಾರ ಹಲಗೆ ಬರಿದಾಗಿದೆಯೋ ಅವರ ಜಾಗವನ್ನು ಪಕ್ಕದವರು ತಮಗೆಂದು ಕೇಳಿ ಪಡೆಯಬಹುದು. ಹಲಗೆಯ ಮೇಲೊಂದು ಬುಟ್ಟಿ ಇದ್ದರೆ ಸಾಕು, ಅದರಲ್ಲಿ ಒಂದೇ ಮೊಟ್ಟೆಯಿದ್ದರೂ ಜಾಗ ಉಳಿಯುತ್ತದೆ.

"ಬುಟ್ಟಿ ನಾನಿಡ್ತೀನಿ. ನೀನು ಹೋಗಿ ಗಂಡನ್ನ ನೋಡ್ಕೋ," ಎಂದಿದ್ದ ಪಕ್ಕದ ಸಿರಿಲ್.

ಎರಡು ಗುರುವಾರ ಇಟ್ಟ. ಮೂರನೆಯ ಗುರುವಾರವೂ ಇಟ್ಟ. ಗಂಟೆಗೆ ಐದು ನಿಮಿಷವಿತ್ತು. ಬಿಸಿಲೆಲ್ಲ ಶಿಲುಬೆಯ ಬಳಿಯೇ ಬಿದ್ದು ಜನ ಅಲ್ಲಿ ಸೇರುತ್ತಿದ್ದರು. ಅವನು ಬುಟ್ಟಿಯನ್ನೆತ್ತಿ ತನ್ನ ಹಲಗೆಯ ಕೆಳಗೆ ತಳ್ಳಿದ. ಗಂಟೆ ಹೊಡೆದೊಡನೆ ಆ ಜಾಗವನ್ನು ತನಗೆಂದು ಕೇಳಿದ.

"ಬುಟ್ಟಿ ಇಡೋದು ಮರೆತೇಬಿಟ್ಟೆ ಕಣೇ," ಎಂದ ಮುಂದಿನ ವಾರ.

"ಹೋಗ್ಲಿ ಬಿಡು," ಎಂದಳು ಎನಿಡ್, ಮತ್ತು ಕಕ್ಕಸಿನ ಹಿಂದಿನ ಗಾಳಿಯಲ್ಲಿ ಮೇಜು ಹಾಕಿದಳು. ಪ್ರತಿ ಕ್ರಿಸ್‌ಮಸ್‌ಗೆ ಅವನಿಗೆ ಆರು ಮೊಟ್ಟೆ ಕೊಡುವುದನ್ನು ನಿಲ್ಲಿಸಲಿಲ್ಲ. ಅವನು ಅವನ್ನು ತಿಂದ, ನಾಚಿಕೆಗೆಟ್ಟವನು.

* * *

ಹನ್ನೊಂದಕ್ಕೆ ಗಾಡಿ ಬಂತು. ಅದರ ಮುಂದೆ ನಡೆದು ಬರುತ್ತಿದ್ದ ಎನಿಡ್‌ಳ ಮಗಳು ಹಿಲರಿ ಬರಿಯ ಹಲಗೆ ಕಂಡು ನಿಂತಳು.

"ಏನ್ ಮಾಮ, ಅಂಗಡಿ ಎತ್ತಿಬಿಟ್ರಾ?"

"ಇದು ನಿಮ್ಮಮ್ಮನ ಜಾಗ ಕಣಮ್ಮ." ಸಿರಿಲ್ ಎಲ್ಲರಿಗೂ ಕೇಳುವಂತೆಯೇ ಹೇಳಿದ. "ಅವತ್ತು ನಾನು ಮರೀಲಿಲ್ಲ. ಬುಟ್ಟೀನ ನಾನೇ ತೆಗೆದೆ."

"ಗೊತ್ತು ಮಾಮ. ಅಮ್ಮ ಆಸ್ಪತ್ರೆಯಿಂದ ಬಸ್ಸಲ್ಲಿ ಬಂದಿದ್ಲು. ಬ್ಯಾಂಕಿನ ಮೂಲೇಲಿ ನಿಂತು ನೋಡಿದ್ಲು."

"ಮತ್ತೆ... ಯಾಕೆ ಕೇಳ್ಲಿಲ್ಲ?"

"ಕೇಳಿದ್ರೆ ಪಾಪ ಸಿರಿಲ್ ಇನ್ನೊಂದು ಸುಳ್ಳು ಹುಡುಕಬೇಕಾಗುತ್ತೆ ಅಂದ್ಲು." ಹಿಲರಿ ಕೈಗವಸನ್ನು ಸರಿಮಾಡಿಕೊಂಡಳು. "ಗಾಡಿ ಇಲ್ಲಿ ನಿಲ್ಲಲ್ಲ. ಸಿರಿಲ್‌ಗೆ ಬೆನ್ನುನೋವು, ಸಾಮಾನು ಎತ್ತಿಸಬೇಡಿ ಅಂತ ಅಮ್ಮ ಬರೆಸಿಟ್ಟಿದ್ದಾಳೆ."

ಗಾಡಿ ಅವನನ್ನು ದಾಟಿ ಕಕ್ಕಸಿನ ಕಡೆಗೆ ತಿರುಗಿತು. ಬ್ಯಾರಿ ಮೀನಿನ ಮೇಲೆ ಬಟ್ಟೆ ಹೊದಿಸಿ, ಅದರ ಹಿಂದೆ ಹೋದ. ಉಳಿದವರೂ ಹೋದರು. ಸಿರಿಲ್ ಟೋಪಿ ತೆಗೆದು ಬರಿಯ ಹಲಗೆಯ ಪಕ್ಕ ಒಬ್ಬನೇ ನಿಂತ. ಆ ಒಂದು ನಿಮಿಷ ಇಡೀ ಸಂತೆ ಅವನಿಗೆ ಬೆನ್ನು ಹಾಕಿ ನಿಂತಿತ್ತು.