ತೂಕ ಹೆಚ್ಚಿ ಬಂದ ಪುಸ್ತಕ

ಪುಣೆಯ ಬುಧವಾರ ಪೇಠೆಯಲ್ಲಿ ಭಾಗೂ ಆಜಿಯ ಅಂಗಡಿ ಎಷ್ಟು ಚಿಕ್ಕದೆಂದರೆ, ಸೀನು ಬಂದರೆ ಬೀದಿಗಿಳಿದು ಸೀನಿ ಮತ್ತೆ ಒಳಗೆ ಹೋಗಬೇಕು. ಅಷ್ಟರೊಳಗೇ ಆಕೆ ಕಾಲೇಜಿನ ಹುಡುಗ ಹುಡುಗಿಯರಿಗೆ ಪುಸ್ತಕ ಬಾಡಿಗೆಗೆ ಕೊಡುತ್ತಿದ್ದಳು. ಗಂಡ ಪೊಂಕ್ಷೆ ಮಾಸ್ತರರು ಸಾಯುವಾಗ ಬಿಟ್ಟುಹೋದದ್ದು ಎರಡೇ: ಈ ಅಂಗಡಿ, ಮತ್ತು ಭೂಮಿಯ ಮೇಲೆ ಯಾರನ್ನೂ ನಂಬಬೇಡ ಎಂಬ ಮಾತು. ಅಂಗಡಿಯ ಮಾಡು ಅಲ್ಲಲ್ಲಿ ಸೋರುತ್ತಿತ್ತು. ಮಾತಿಗೆ ಮಾತ್ರ ಒಂದು ಬಿರುಕೂ ಬಿದ್ದಿರಲಿಲ್ಲ.

ಆಜಿಗೆ ಮರಾಠಿ ಅಕ್ಷರ ಬಸ್ಸಿನ ಬೋರ್ಡು ಓದುವಷ್ಟು ಬರುತ್ತಿತ್ತು. ಇಂಗ್ಲಿಷ್ ಅಕ್ಷರಗಳು ಅವಳ ಪಾಲಿಗೆ ಬೆಲ್ಲಕ್ಕೆ ಮುತ್ತಿದ ಇರುವೆಗಳು. ಹಾಗಾಗಿ ಪುಸ್ತಕವನ್ನು ಓದಿ ಕಾಯುವ ಬದಲು ತೂಗಿ ಕಾಯುತ್ತಿದ್ದಳು. ಕಿರಾಣಿ ಅಂಗಡಿಯ ಹಳೆಯ ತಕ್ಕಡಿಯೊಂದು ತೊಲೆಗೆ ನೇತುಬಿದ್ದಿತ್ತು. ಒಂದೊಂದು ಪುಸ್ತಕಕ್ಕೂ ಅದರದೇ ತೂಕದಷ್ಟು ಮುಠಾ ಹೊಳೆಯ ಕಲ್ಲು ತುಂಬಿದ ಒಂದೊಂದು ಅರಿವೆಯ ಚೀಲ. ಪುಸ್ತಕ ಹೊರಗೆ ಹೋದರೆ ಚೀಲ ಮೊಳೆಯಲ್ಲಿ ತೂಗಾಡುತ್ತಿತ್ತು. ಪುಸ್ತಕ ಮರಳಿ ಬಂದ ದಿನ ಒಂದು ತಟ್ಟೆಯಲ್ಲಿ ಅದು, ಇನ್ನೊಂದರಲ್ಲಿ ಚೀಲ. ಒಂದು ಹಾಳೆ ಹರಿದಿದ್ದರೂ ತಟ್ಟೆ ಮೇಲೆದ್ದು ಚಾಡಿ ಹೇಳುತ್ತಿತ್ತು. ಹರಿದವರ ಏಳು ತಲೆಮಾರನ್ನು ಆಜಿ ನಿಂತ ನಿಲುವಿನಲ್ಲೇ ತೊಳೆದು ಒಣಹಾಕುತ್ತಿದ್ದಳು.

ಆದರೆ ಕಂಪ್ಯೂಟರ್ ಪ್ರೋಗ್ರಾಮಿಂಗ್ ಪುಸ್ತಕಗಳು ಬಂದವು ನೋಡಿ, ತಕ್ಕಡಿಯೂ ಸೋತಿತು. ಅವು ದಪ್ಪಕ್ಕೆ ಎಮ್ಮೆಯ ಕರುವಿನಂಥವು. ತೆಗೆದುಕೊಂಡು ಹೋದವರು ಪರೀಕ್ಷೆ ಮುಗಿದದ್ದೇ ಪುಸ್ತಕದ ಸಮೇತ ಮಾಯ. ಮರಳಿ ಬಾರದ ಪುಸ್ತಕವನ್ನು ಯಾವ ತಕ್ಕಡಿ ತೂಗೀತು? ಮೊಳೆಗಳಲ್ಲಿ ವಾರಸುದಾರರಿಲ್ಲದ ಚೀಲಗಳು ದೆವ್ವಗಳ ಹಾಗೆ ನೇತಾಡತೊಡಗಿದವು.

ಮೈದುನನ ಮಗ ಶ್ರೀರಂಗ ಕಾಯುತ್ತಿದ್ದದ್ದು ಇದನ್ನೇ. ಅವನಿಗೆ ಆ ಜಾಗದಲ್ಲಿ ಮೊಬೈಲ್ ಕವರ್ ಮಾರುವ ಅಂಗಡಿ ಬೇಕಿತ್ತು. ದಿನಾ ಬಂದು ಬಾಗಿಲ ಚೌಕಟ್ಟನ್ನು ಗೇಣು ಹಾಕಿ ಅಳೆಯುತ್ತಿದ್ದ. ಒಂದು ದಿನ ಆಜಿಗೆ ರೇಗಿತು. ಇನ್ನೊಂದೇ ಒಂದು ಕಂಪ್ಯೂಟರ್ ಪುಸ್ತಕ ಹಾಳಾದರೆ ಬೀಗದ ಕೈ ನಿನ್ನದು ಎಂದುಬಿಟ್ಟಳು. ಅವನು ಆ ಮಾತನ್ನು ನೆಲಕ್ಕೆ ಬೀಳಗೊಡದೆ ಹಿಡಿದುಕೊಂಡ.

ಆಮೇಲೆ ಆಜಿ ಪಕ್ಕದ ಬೈಂಡರ್ ಅತ್ತಾರ್ ಚಾಚಾನನ್ನು ಕರೆದು ಉಳಿದ ಕಂಪ್ಯೂಟರ್ ಪುಸ್ತಕಗಳನ್ನೆಲ್ಲ ಎರಡೆರಡು ಹೋಳು ಮಾಡಿಸಿದಳು. ಚಾಚಾನಿಗೂ ಇಂಗ್ಲಿಷ್ ಅಷ್ಟಕ್ಕಷ್ಟೆ. ಹಾಗಾಗಿ ಎರಡು ತಟ್ಟೆ ಸಮ ನಿಲ್ಲುವ ತನಕ ಹಾಳೆ ಅತ್ತಿತ್ತ ಸರಿಸಿ, ಸಮ ಬಂದಲ್ಲಿಗೆ ರಟ್ಟು ಕಟ್ಟಿ ಹೊಲಿದ. ಮೊದಲ ಹೋಳಿಗೆ ಆಜಿ ತವರು ಎಂದು ಹೆಸರಿಟ್ಟಳು, ಎರಡನೆಯದಕ್ಕೆ ಅತ್ತೆಮನೆ; ಒಂದೊಂದಕ್ಕೂ ಬೇರೆ ಬೇರೆ ಕಲ್ಲಿನ ಚೀಲ. ತವರನ್ನು ಮರಳಿಸಿದರೆ ಮಾತ್ರ ಅತ್ತೆಮನೆ ಸಿಕ್ಕೀತು. ಅರ್ಧ ಪುಸ್ತಕ ಕದ್ದು ಯಾವ ಕಳ್ಳ ಉದ್ಧಾರವಾದಾನು? ಈ ಬುದ್ಧಿಗೆ ತಾನು ಪೇಶವೆಗಳ ಕಾಲದಲ್ಲಿ ಹುಟ್ಟಿದ್ದರೆ ದಿವಾನಗಿರಿಯೇ ಸಿಗುತ್ತಿತ್ತು ಎಂದು ಆಜಿ ಬೀದಿಯ ತುಂಬ ಹೇಳಿಕೊಂಡು ಬಂದಳು.

ಆಗ ಬಂದವಳು ಕೇತಕಿ. ಬಾರ್ಶಿಯ ಕಡೆಯ ಹುಡುಗಿ, ಹಾಸ್ಟೆಲಿನವಳು, ತೊಗರಿ ಕಡ್ಡಿಯಂಥ ಮೈ. ಬಂದವಳೇ ಎರಡು ಹೋಳನ್ನೂ ಕೇಳಿದಳು.

“ಬ್ಯಾರೆ ಬ್ಯಾರೆ ಓದಿದ್ರ ತಿಳಿಯಂಗಿಲ್ಲ ಆಜಿ. ಎರಡೂ ಕೂಡೇ ಕೊಡ್ರಿ.”

“ಯಾಕವಾ, ಒಂದು ಹೆಣ್ಣು ಒಂದ ಹೊತ್ತಿಗೆ ತವರಿನ್ಯಾಗೂ ಅತ್ತಿಮನ್ಯಾಗೂ ಇರತಾಳೇನ?”

ಹುಡುಗಿ ಏನೋ ಬಿಡಿಸಿ ಹೇಳಲು ಹೋದಳು. ಆಜಿ ಕಿವಿಗೊಡಲಿಲ್ಲ. ಎರಡೂ ಹೋಳು ಕೇಳುವವರ ಕಥೆ ಅವಳಿಗೆ ಗೊತ್ತಿಲ್ಲವೇ? ಒಬ್ಬ ಹುಡುಗ ತನ್ನ ಅಜ್ಜಿ ಸತ್ತಳು ಎಂದಿದ್ದ. ಅದೇ ಅಜ್ಜಿಯನ್ನು ಅವನು ಒಂದು ಮಳೆಗಾಲದಲ್ಲಿ ಹತ್ತು ಸಲ ಸಾಯಿಸಿದ್ದ. ಕೇತಕಿ ಕಡೆಗೆ ತವರನ್ನಷ್ಟೇ ಎತ್ತಿಕೊಂಡು ಹೋದಳು.

ಮರುದಿನವೇ ಮತ್ತೆ ಬಂದಳು. ಅತ್ತೆಮನೆ ಹೋಳನ್ನು ಇಲ್ಲೇ ನಿಂತು ಒಂದಿಷ್ಟು ನೋಡಲೇ ಎಂದು ಕೇಳಿದಳು. ನೋಡುವುದಕ್ಕೆ ತೂಕವಿಲ್ಲವಲ್ಲ ಎಂದು ಆಜಿ ಒಪ್ಪಿದಳು. ಆದರೆ ಕಣ್ಣು ಕೀಳಲಿಲ್ಲ. ಹುಡುಗಿ ಮೊದಮೊದಲ ಹಾಳೆಗಳನ್ನೇ ತಿರುವುತ್ತಿದ್ದಳು. ನಡುನಡುವೆ ಬಾಗಿಲ ಕಡೆ ನೋಡುತ್ತಿದ್ದಳು. ಅದರ ಮರುದಿನವೂ ಹಾಗೇ. ಓದುವವರು ಪುಸ್ತಕ ನೋಡುತ್ತಾರೆ, ಬಾಗಿಲು ಯಾಕೆ ನೋಡುತ್ತಾರೆ? ಆಜಿಯ ಹೊಟ್ಟೆಯಲ್ಲಿ ಅನುಮಾನ ಹಿಟ್ಟಿನ ಹಾಗೆ ಉಬ್ಬತೊಡಗಿತು.

ಆಮೇಲೊಂದು ಸಂಜೆ ಹುಡುಗಿ ಹಾಗೆ ನಿಂತಿರುವಾಗಲೇ ಶ್ರೀರಂಗ ಬಂದು ಕಪಾಟಿನ ಎತ್ತರ ಅಳೆಯತೊಡಗಿದ. ಆಜಿ ಅವನ ಕೈಯಿಂದ ಟೇಪು ಕಿತ್ತುಕೊಳ್ಳುವ ಗದ್ದಲದಲ್ಲಿದ್ದಳು. ತಿರುಗಿ ನೋಡಿದರೆ ಹುಡುಗಿ ಪುಸ್ತಕ ಮುಚ್ಚಿಟ್ಟು, ಓಢಣಿಯನ್ನು ಎದೆಗೆ ಅವುಚಿಕೊಂಡು ಮೆಟ್ಟಿಲು ಇಳಿಯುತ್ತಿದ್ದಳು.

ಶ್ರೀರಂಗ ಹೋದ ಮೇಲೆ ಆಜಿ ಆ ಹೋಳನ್ನು ತಕ್ಕಡಿಗೆ ಹಾಕಿದಳು. ಪುಸ್ತಕದ ತಟ್ಟೆ ಮೇಲೆದ್ದು ನಿಂತಿತು. ಬಿಚ್ಚಿ ನೋಡಿದರೆ ರಟ್ಟಿನ ಬುಡದಲ್ಲಿ, ಮೊದಲ ಹಾಳೆಗಳಿದ್ದಲ್ಲಿ, ಹಲ್ಲು ಕಿತ್ತ ಒಸಡಿನ ಹಾಗೆ ಬೋಳು.

ಆಜಿಗೆ ಕಾಲ ಕೆಳಗಿನ ಪುಣೆಯೇ ಕುಸಿದು ಮುಠಾ ಹೊಳೆಗೆ ಬಿದ್ದಂತಾಯಿತು. ಸೊಂಟದಲ್ಲಿದ್ದ ಬೀಗದ ಕೈ ಮುಟ್ಟಿ ನೋಡಿಕೊಂಡಳು. ಇದು ಶ್ರೀರಂಗನ ಕಿವಿಗೆ ಬಿದ್ದರೆ ನಾಳೆಯೇ ಇಲ್ಲಿ ಮೊಬೈಲ್ ಕವರ್ ತೂಗಾಡುತ್ತವೆ. ಹೋಳನ್ನು ಅಕ್ಕಿ ಡಬ್ಬಿಯ ಹಿಂದೆ ಬಚ್ಚಿಟ್ಟಳು. ಯಾರಾದರೂ ಬಂದು ಅತ್ತೆಮನೆ ಕೇಳಿದರೆ ಬೈಂಡರ್ ಹತ್ತಿರ ಇದೆ ಎಂದು ಸುಳ್ಳು ಹೇಳಿದಳು. ಆ ಪೋರಿಯ ಹಾಸ್ಟೆಲ್ ಯಾವುದೆಂದು ಬಂದವರನ್ನೆಲ್ಲ ಕೇಳಿದಳು. ಒಬ್ಬರು ಕರ್ವೆ ರಸ್ತೆ ಎಂದರು, ಇನ್ನೊಬ್ಬರು ಶಿವಾಜಿನಗರ ಎಂದರು. ಹುಡುಗಿ ಹಾಳೆಯನ್ನು ಬಿಡಿಬಿಡಿಯಾಗಿ ಮಾರುತ್ತಾಳೆ ಎಂದು ಆಜಿಗೆ ಮೊದಲು ಅನ್ನಿಸಿತು. ಆಮೇಲೆ ಇದರ ಹಿಂದೆ ಶ್ರೀರಂಗನೇ ಇದ್ದಾನೆ, ಆ ಪೋರಿಗೆ ಕಲಿಸಿ ಕಳಿಸಿದ್ದೇ ಅವನು ಅನ್ನಿಸಿತು. ಇಲ್ಲದಿದ್ದರೆ ಸರಿಯಾಗಿ ಅದೇ ಹೊತ್ತಿಗೆ ಅವನು ಟೇಪು ಹಿಡಿದು ಬರುವುದೆಂದರೇನು? ಅತ್ತಾರ್ ಚಾಚಾ ಚಹಾ ಕುಡಿಯುತ್ತ ಇದರಲ್ಲಿ ಇಬ್ಬರ ತಪ್ಪೂ ಇರಲಾರದು ಎಂದ. ಆ ಕ್ಷಣದಿಂದ ಆಜಿಗೆ ಚಾಚಾನ ಮೇಲೂ ಅನುಮಾನ ಬಂತು.

ಹುಡುಗಿ ಮರಳಿಸುವ ದಿನ ಬಂತು. ಶ್ರೀರಂಗನಿಗೆ ಹೇಗೋ ವಾಸನೆ ಹತ್ತಿ, ಬೆಳಿಗ್ಗೆಯೇ ಬಂದು ಸ್ಟೂಲಿನ ಮೇಲೆ ಕೂತಿದ್ದ. ಆ ಪೋರಿ ಬರುವುದಿಲ್ಲ ಎಂದು ಆಜಿ ಮನಸ್ಸಿನಲ್ಲೇ ದೇವರಿಗೆ ಹೇಳಿಕೊಳ್ಳುತ್ತಿದ್ದಳು. ಬಂದರೆ ಸಾಕು ಎಂದೂ ಹೇಳಿಕೊಳ್ಳುತ್ತಿದ್ದಳು.

ಕೇತಕಿ ಬಂದಳು. ತವರನ್ನು ಗಲ್ಲಾಪೆಟ್ಟಿಗೆಯ ಮೇಲಿಟ್ಟಳು. ಆಜಿ ಅದನ್ನು ತಟ್ಟೆಗೆ ಹಾಕಿ, ಎದುರಿಗೆ ಅದರ ಚೀಲ ಇಟ್ಟಳು.

ಪುಸ್ತಕದ ತಟ್ಟೆ ಧೊಪ್ಪನೆ ಕೆಳಗಿಳಿಯಿತು.

ಆಜಿ ತಕ್ಕಡಿಯ ಹಗ್ಗ ಬಿಡಿಸಿ ನೋಡಿದಳು, ಮುಳ್ಳು ಊದಿ ನೋಡಿದಳು. ಮತ್ತೆ ಹಾಕಿದರೆ ಮತ್ತೆ ಹಾಗೇ. ಈ ಅಂಗಡಿಗೆ ಪುಸ್ತಕಗಳು ಬಡಕಲಾಗಿ ಬರುತ್ತಿದ್ದವು. ಮೈ ತುಂಬಿಕೊಂಡು ಬಂದದ್ದು ಇದೇ ಮೊದಲು.

“ಏನ ಪೋರಿ, ತವರಿಗೆ ಕಳಿಸಿದ ಹೆಣ್ಣು ಬಸುರಾಗಿ ಬಂದೈತಲ್ಲ. ಯಾರ್ದಿದು?”

ಕೇತಕಿಯ ಮುಖ ಬಾಡಿತು. ತವರನ್ನು ಬಿಚ್ಚಿ ಕೊನೆಯ ಕಡೆ ತೋರಿಸಿದಳು. ಅತ್ತೆಮನೆಯ ಆ ಮೊದಲ ಹಾಳೆಗಳು ಅಲ್ಲಿ ಒಂದರ ಬೆನ್ನಿಗೊಂದು ಅಂಟಿಕೊಂಡಿದ್ದವು. ಆಜಿ ಮೂಸಿ ನೋಡಿದಳು. ಮೈದಾ ಅಂಟು, ಹಾಸ್ಟೆಲಿನ ಅಡುಗೆಮನೆಯ ವಾಸನೆ.

ಒಂದು ಪ್ರೋಗ್ರಾಂ ಅರ್ಧ ತವರಿನಲ್ಲಿ, ಅರ್ಧ ಅತ್ತೆಮನೆಯಲ್ಲಿ ಬಿದ್ದಿತ್ತು ಎಂದು ಹುಡುಗಿ ಹೇಳಿದಳು. ತೆರೆದ ಬ್ರಾಕೆಟ್ ಈ ಕಡೆ, ಅದನ್ನು ಮುಚ್ಚುವ ಬ್ರಾಕೆಟ್ ಆ ಕಡೆ. ಪ್ರಾಕ್ಟಿಕಲ್ ಪರೀಕ್ಷೆಗೆ ಬರುವುದೇ ಆ ಪಾಠ. ಅದಕ್ಕೇ ಎರಡನ್ನೂ ಕೇಳಿದ್ದು. ನಿಂತು ಬಾಯಿಪಾಠ ಮಾಡಲು ನೋಡಿದಳು, ಆಗಲಿಲ್ಲ. ಪಾಠ ಮುಗಿಯುವಷ್ಟು ಹಾಳೆ ಬಿಡಿಸಿಕೊಂಡಳು. ಹೇಳಿ ಹೋಗಬೇಕೆಂದಿದ್ದಳು, ಅಷ್ಟರಲ್ಲಿ ಸ್ಟೂಲಿನ ಮೇಲೆ ಕೂತ ಇವರು ಟೇಪು ಹಿಡಿದು ಬಂದದ್ದು ನೋಡಿ ಪೊಲೀಸರೇ ಇರಬೇಕೆಂದು ಹೆದರಿ ಓಡಿದಳು.

“ಹೂರಣ ಒಂದ ಮನ್ಯಾಗ, ಕಣಕ ಒಂದ ಮನ್ಯಾಗ ಇಟ್ರ ಹೋಳಿಗಿ ಹ್ಯಾಂಗ ಮಾಡೂದ್ರಿ ಆಜಿ?”

ಆಜಿ ಬಾಯಿಬಿಡುವ ಮೊದಲೇ ಶ್ರೀರಂಗ ಎದ್ದು ನಿಂತ. “ಕಾಕು, ಹಾಳಿ ಹರದಾವ. ಪುಸ್ತಕ ಹಾಳಾತು. ಬೀಗದ ಕೈ ಕೊಡ.”

ಆಜಿ ಸೊಂಟದಿಂದ ಬೀಗದ ಕೈ ಬಿಚ್ಚಿದಳು. ಆದರೆ ಅವನ ಕೈಗೆ ಕೊಡದೆ ಗಲ್ಲೆಯ ಮೇಲಿಟ್ಟಳು. ಅಕ್ಕಿ ಡಬ್ಬಿಯ ಹಿಂದಿನಿಂದ ಅತ್ತೆಮನೆಯನ್ನು ತಂದು, ತವರನ್ನೂ ಕೂಡಿಸಿ ಒಂದು ತಟ್ಟೆಗೆ ಪೇರಿಸಿದಳು. ಎದುರಿನ ತಟ್ಟೆಗೆ ಎರಡೂ ಚೀಲ ಹಾಕಿದಳು. ತಟ್ಟೆಗಳು ಆಡಿ ಆಡಿ ಸಮ ನಿಂತವು. ಪುಸ್ತಕದ ಕಡೆ ಒಂದು ಕೂದಲೆಳೆಯಷ್ಟು ಇಳಿದಿತ್ತು.

“ಸಮ ಇಲ್ಲ,” ಎಂದ ಶ್ರೀರಂಗ.

“ಅದು ಮೈದಾ,” ಎಂದಳು ಹುಡುಗಿ.

ಆಜಿ ಹೊಸ್ತಿಲಾಚೆ ಬಾಗಿ ಒಂದು ಹರಳು ಹೆಕ್ಕಿ ಚೀಲದ ಕಡೆ ಹಾಕಿದಳು. ಮುಳ್ಳು ನೆಟ್ಟಗಾಯಿತು. “ಸೊಸಿ ತವರಿಗೆ ಹೋಗಿ ಕುಂತಾಳ, ಅಷ್ಟ. ಮನಿ ಬಿಟ್ಟು ಓಡಿಲ್ಲ. ಹಾಳಾಗೂದು ಅಂದ್ರೇನಂತ ಮೊದಲ ಕಲತ ಬಾ, ಶ್ರೀರಂಗ.”

ಬೀಗದ ಕೈ ಮತ್ತೆ ಸೊಂಟ ಸೇರಿತು. ಅವನು ಬಾಗಿಲ ಚೌಕಟ್ಟನ್ನು ಅಳೆಯದೆ ಹೋದದ್ದು ಆ ದಿನವೇ ಮೊದಲು.

ಆಜಿ ಕಪಾಟಿನ ಉಳಿದ ಹೋಳುಗಳನ್ನೆಲ್ಲ ಇಳಿಸಿ, ಪಾಠ ಎಲ್ಲಿ ಮುಗಿಯುತ್ತದೋ ಅಲ್ಲಿ ಪೆನ್ಸಿಲ್ ಗುರುತು ಹಾಕೆಂದು ಕೇತಕಿಗೆ ಹೇಳಿದಳು. ಚಾಚಾ ನಾಳೆ ಅವನ್ನು ಅಲ್ಲಿಗೇ ಹೊಲಿಯಲಿ ಎಂದಳು. ಹುಡುಗಿ ಗುರುತು ಹಾಕುತ್ತಿದ್ದಷ್ಟು ಹೊತ್ತೂ ಆಜಿಯ ಕಣ್ಣು ಅವಳ ಬೆರಳಿನ ಮೇಲೇ ಇತ್ತು.

ಕೆಲಸ ಮುಗಿಸಿ ಕೇತಕಿ ಮೆಲ್ಲಗೆ ಕೇಳಿದಳು, ಇನ್ನು ಮೇಲಾದರೂ ಎರಡೂ ಹೋಳು ಕೂಡಿ ಕೊಡುವಿರಾ ಎಂದು.

“ಇಲ್ಲ,” ಎಂದಳು ಆಜಿ. ಸಣಕಲಾದ ಅತ್ತೆಮನೆಯೊಂದನ್ನೇ ತೂಗಿ, ತೂಕ ಇಳಿದಷ್ಟು ಕಲ್ಲು ಚೀಲದಿಂದ ತೆಗೆದು, ಪುಸ್ತಕವನ್ನು ಅವಳ ಕೈಗಿಟ್ಟಳು. ಹುಡುಗಿ ಮೆಟ್ಟಿಲು ಇಳಿಯುವಾಗ ಮತ್ತೆ ಕೂಗಿದಳು.

“ಪೋರಿ, ನಿಲ್ಲ. ನಿನ್ನ ಚೀಲ ತೆಗಿ, ನೋಡೂಣು.”

ಕೇತಕಿ ಹೆಗಲ ಚೀಲ ತೆರೆದು ತೋರಿಸಿದಳು. ಬರೆಯುವ ಒಂದು ವಹಿ, ಅರ್ಧ ತಿಂದ ಜೋಳದ ಭಾಕರಿ, ಮೈದಾ ಅಂಟಿನ ಸಣ್ಣ ಡಬ್ಬಿ. ಆಜಿ ಡಬ್ಬಿಯನ್ನು ಎತ್ತಿಕೊಂಡು ಗಲ್ಲೆಯೊಳಗಿಟ್ಟಳು.

“ಇದು ಇಲ್ಲೇ ಇರಲಿ. ಪರೀಕ್ಷಾ ಮುಗಿದ ಮ್ಯಾಲೆ ಬಂದು ಒಯ್ಯಿ.”