ಉಳಿ ಜಾರಿದ ಜಾಗ

ತಿಕೋಟಾದ ಬಡಿಗ ಶಂಕ್ರೆಪ್ಪ ತನ್ನ ಐವತ್ತೆರಡನೆಯ ವಯಸ್ಸಿನೊಳಗೆ ಮಾಡಿದ ಬಾಗಿಲುಗಳನ್ನು ಸಾಲಾಗಿ ನಿಲ್ಲಿಸಿದರೆ ಬಬಲೇಶ್ವರ ಮುಟ್ಟಬಹುದು. ಆದರೆ ಒಂದರ ಮೇಲೂ ಹೂವಿಲ್ಲ, ಬಳ್ಳಿಯಿಲ್ಲ. ಹದಿನಾರನೆಯ ವಯಸ್ಸಿನಲ್ಲಿ ಒಮ್ಮೆ ಉಳಿ ಜಾರಿ, ಕೆತ್ತುತ್ತಿದ್ದ ಗಿಣಿಯ ಕೊಕ್ಕು ಹಾರಿಹೋದಾಗ, ಅಪ್ಪ ಮೋನಪ್ಪ ಉಳಿ ಕಸಿದುಕೊಂಡಿದ್ದ.

"ಇದು ಕೆತ್ತೂ ಕೈ ಅಲ್ಲ. ನೀ ರಂದಾ ಹೊಡದು ಹಲಗಿ ನುಣ್ಣಗ ಮಾಡಕೋತ ಇರು, ಸಾಕು. ನನ್ನ ಉಳಿ ಒಂದ ಸಲನೂ ಜಾರಿಲ್ಲ."

ಅಪ್ಪ ತೀರಿಕೊಂಡು ಇಪ್ಪತ್ತು ವರ್ಷವಾಯಿತು. ಆ ಮಾತು ಮಾತ್ರ ಗಟ್ಟಿಮುಟ್ಟಾಗಿ ಬದುಕಿತ್ತು.

ವಿಜಯಪುರದ ಜೋರಾಪುರ ಪೇಟೆಯಲ್ಲಿ ಚಿತ್ರಕಲೆ ಕಲಿಸುವ ಐಶ್ವರ್ಯ ಮೇಡಂ ಎರಡು ವರ್ಷದ ಹಿಂದೆ ಅವನಿಂದ ಅಚ್ಚಿನ ಹಲಗೆ ಮಾಡಿಸಿಕೊಂಡರು. ಹಲಗೆಯ ಮೇಲೆ ಚಿತ್ರ ಕೆತ್ತಿ, ಉಬ್ಬಿದ ಭಾಗಕ್ಕೆ ಮಸಿ ಹಚ್ಚಿ, ಕಾಗದ ಒತ್ತಿ ತೆಗೆಯುವ ಕೆಲಸ ಅವರದು. ಹಲಗೆ ಕೊಡಲು ಹೋದವನು ನೋಡುತ್ತ ನಿಂತ. ನೋಡುತ್ತ ನಿಂತವನ ಕೈಗೆ ಮೇಡಂ ಒಂದು ಉಳಿ ಕೊಟ್ಟರು. ಮುಗೀತು, ಹುಚ್ಚು ಹಿಡಿಯಿತು.

ಮಮದಾಪುರದ ಕೆರೆಗಿಳಿದ ಎಮ್ಮೆಯನ್ನು ನಾಲ್ಕು ಸಲ ಕೆತ್ತಿದ. ನಾಲ್ಕು ಸಲವೂ ಎಲ್ಲೋ ಒಂದು ಕಡೆ ಉಳಿ ಜಾರಿತು. ಬಡಿಗನಿಗೆ ಅದೇನು ದೊಡ್ಡ ಮಾತು? ಮರದ ಪುಡಿಗೆ ಅಂಟು ಕಲಸಿ ತುಂಬಿದ, ಒಣಗಿಸಿದ, ಉಜ್ಜಿದ. ಬ್ರಹ್ಮ ಬಂದರೂ ಕಂಡುಹಿಡಿಯಲಾರ. ಕಾಗದ ಕಂಡುಹಿಡಿಯಿತು. ತುಂಬಿದ ಜಾಗ ಮಸಿ ಹಿಡಿಯದೆ ಎಮ್ಮೆಯ ಮೈಮೇಲೆ ಬಿಳಿ ಗೀರಾಗಿ ಕಂಡಿತು. ನಾಲ್ಕೂ ಹಲಗೆಗಳನ್ನು ಒಲೆಗೆ ಹಾಕಿದ.

"ಇಷ್ಟ ನುಣ್ಣಗಿನ ಕಟಿಗಿ ಸುಟ್ರ ರೊಟ್ಟಿ ಏನ ಬ್ಯಾರೆ ರುಚಿ ಆಗತಾವೇನ್ರಿ?" ಎಂದಳು ಹೆಂಡತಿ ಕಾಳವ್ವ.

ಆ ವಾರವೇ ಬಬಲೇಶ್ವರದಲ್ಲಿ ಹಳೆಯ ಮನೆಯೊಂದನ್ನು ಕೆಡವಿದರು. ನಿಮ್ಮಪ್ಪ ಮಾಡಿದ್ದು, ನೀನೇ ಒಯ್ಯಿ ಎಂದು ಮನೆಯವರು ಒಂದು ಬಾಗಿಲು ಕೊಟ್ಟರು. ಅದರ ತುಂಬ ಎಲೆಬಳ್ಳಿಯ ಕೆತ್ತನೆ. ಶಂಕ್ರೆಪ್ಪ ಅದನ್ನು ಟಂಟಂ ಗಾಡಿಯಲ್ಲಿ ಹೇರಿಕೊಂಡು ನೇರ ಜೋರಾಪುರ ಪೇಟೆಗೆ ಹೋದ.

"ಕೈ ಅಂದ್ರ ಇದು ನೋಡ್ರಿ ಮೇಡಂ. ನಂದಲ್ಲ. ಇವತ್ತಿಗೆ ಕೆತ್ತೂದು ಬಿಟ್ಟೀನ್ರಿ. ಅಥಣಿ ರಸ್ತಾದಾಗ ಹೊಸ ಮನಿಗೋಳಿಗೆ ಪ್ಲೈವುಡ್ ಕಪಾಟ ಹಚ್ಚಕೋತ ಇರ್ತೀನಿ."

"ಬಿಡೂದು ಆಮ್ಯಾಲ ಬಿಡ್ರಿ. ಮೊದಲ ಇದರದೊಂದು ಅಚ್ಚ ತಗೀರಿ."

"ನಮ್ಮಪ್ಪನ ಕೆಲಸಕ್ಕ ಮಸಿ ಹಚ್ಚೂದೇನ್ರಿ?"

"ಸೀಮೆಎಣ್ಣಿಲೆ ಒರಸಿದ್ರ ಹೋಗತೈತ್ರಿ."

ಒಲ್ಲದ ಮನಸ್ಸಿನಿಂದಲೇ ಮಸಿ ಹಚ್ಚಿ, ಕಾಗದ ಹಾಸಿ, ಚಮಚದ ಬೆನ್ನಿನಿಂದ ತಿಕ್ಕಿ ಎತ್ತಿದ. ಬಳ್ಳಿ ಚೆನ್ನಾಗಿ ಮೂಡಿತ್ತು. ಮೂರನೆಯ ಎಲೆಯಿಂದ ಪಕ್ಕದ ಎಲೆಗೆ ಒಂದು ಬಿಳಿ ಗೀರು ಹಾದುಹೋಗಿತ್ತು. ಕಾಗದ ಮಡಿಕೆ ಬಿದ್ದಿರಬೇಕೆಂದು ಇನ್ನೊಂದು ತೆಗೆದ. ಅಲ್ಲೇ ಗೀರು. ಕೆಳಗೆ ಇನ್ನೂ ಎರಡು. ಮರದ ಮೇಲೆ ಉಗುರು ಆಡಿಸಿ ನೋಡಿದ. ಎಷ್ಟೋ ವರ್ಷದ ಎಣ್ಣೆಯ ಜಿಡ್ಡಿನ ಕೆಳಗೆ ಮರದ ಪುಡಿ, ಅಂಟು.

ಮೊದಲು ಬಂದದ್ದು ಸಿಟ್ಟು. ಮೂವತ್ತಾರು ವರ್ಷದ ಸಿಟ್ಟು. ಬಾಗಿಲನ್ನು ಅಲ್ಲೇ ಒಡೆದುಹಾಕಬೇಕು ಎನಿಸಿತು. ಆಮೇಲೆ, ಮನೆಯ ಯಜಮಾನ ನೋಡುವುದರೊಳಗೆ ಲಗುಬಗೆಯಿಂದ ಅಂಟು ಮೆತ್ತುತ್ತಿರುವ ಅಪ್ಪ ಕಣ್ಣ ಮುಂದೆ ಬಂದ. ಅವನೂ ಹೆದರಿದ್ದ. ಶಂಕ್ರೆಪ್ಪ ಸೀಮೆಎಣ್ಣೆಯಲ್ಲಿ ಬಟ್ಟೆ ತೊಯಿಸಿ ಬಾಗಿಲಿನ ಮಸಿ ಒರೆಸಿದ.

ಕಪಾಟಿನ ಮಾತು ಎತ್ತದೆ ಒಂದು ಹಲಗೆ ಕೇಳಿ ಇಸಿದುಕೊಂಡು ಅಲ್ಲೇ ಕೂತ. ಐದನೆಯ ಎಮ್ಮೆ. ತಾಸು ಕಳೆಯುವುದರೊಳಗೆ ಕೊಂಬಿನ ಹತ್ತಿರ ಉಳಿ ಜಾರಿತು. ಐಶ್ವರ್ಯ ಮೇಡಂ ಕೈಲಿದ್ದ ಕೆಲಸ ಬಿಟ್ಟು ನೋಡಿದರು. ಅವನು ಹಲಗೆ ಎತ್ತಿ ಎಸೆಯಲಿಲ್ಲ, ಅಂಟಿಗೂ ಕೈ ಹಾಕಲಿಲ್ಲ.

"ನಂದೂ ಜಾರತೈತಿ ಅಂತ ಒಂದ ಸಲ ಹೇಳಿದ್ರ ಏನ ಆಗತಿತ್ತೋ ಯಪ್ಪಾ," ಎಂದ. ತೋಳಿನಿಂದ ಕಣ್ಣೊರೆಸಿಕೊಂಡು ಇನ್ನೊಂದು ಕೊಂಬು ಕೆತ್ತತೊಡಗಿದ.